ಹಾರ್ನ್ ಆದಮೇಲೆ

ಈ ಸಲ ಹಾರ್ನ್ ಆದಮೇಲೂ ಶಾಮಲಾ ಓದುವುದನ್ನು ನಿಲ್ಲಿಸಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಗಂಡ ನಾಣಿ ನೀರಿನ ಲೋಟಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನಾಲ್ಕು ಶನಿವಾರಗಳಿಂದ ಚೆಂಬೂರಿನ ಈ ಕ್ಲಿನಿಕ್ಕಿನಲ್ಲಿ ಅವಳು ಅಲ್ಲಿಯವರೆಗೆ ಮಾತ್ರ ಬರುತ್ತಿದ್ದಳು. 'ರೈಲಿನ ಹಾರ್ನ್ ಆಯಿತು' ಎಂದೊಡನೆ ಉಸಿರು ಸಿಕ್ಕಿಕೊಂಡು ಕಾಗದ ಕೈಜಾರುತ್ತಿತ್ತು. ನಾಣಿ ಬೆನ್ನು ಸವರಿ ನೀರು ಕುಡಿಸುತ್ತಿದ್ದ. ಇವತ್ತಿಗೆ ಸಾಕು ಡಾಕ್ಟರ್, ಎನ್ನುತ್ತಿದ್ದ. ಎಂಥಾ ಒಳ್ಳೆಯ ಗಂಡ ಅಂತ ಹೊರಗೆ ಕೂತ ನರ್ಸಿಗೂ ಅನ್ನಿಸಿರಬೇಕು.

ಹಾಗೆ ನೋಡಿದರೆ ಈ ಚಿಕಿತ್ಸೆಗಾಗಿ ಕುಣಿದಾಡಿದವನೂ ಅವನೇ. ಮಗ ಅಚಿಂತ್ಯ ಲೋಕಲ್ ರೈಲಿನ ಕೆಳಗೆ ಸಿಕ್ಕಿ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಮಿಕ್ಸಿ ತಿರುಗಿದರೂ ಶಾಮಲಾ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದಳು. ನಾಣಿ ಕೆಲಸ ಮಾಡುತ್ತಿದ್ದ ವಿಕ್ರೋಳಿಯ ಫ್ಯಾಕ್ಟರಿಯಲ್ಲಿ ಯಾರೋ ಈ ಡಾಕ್ಟರ್ ಶುಭಾಂಗಿಯ ಹೆಸರು ಹೇಳಿದರು. ಔಷಧವೆಂದರೆ ಬಿಪಿಗೆ ಕೊಡುವ ಹಳೇ ಮಾತ್ರೆಯೇ. ನುಂಗಿ ಒಂದು ಗಂಟೆ ಬಿಟ್ಟು, ಆದದ್ದನ್ನೆಲ್ಲ ಬರೆದು ಗಟ್ಟಿಯಾಗಿ ಓದಬೇಕು. ವಾರಕ್ಕೊಮ್ಮೆ, ಆರು ವಾರ. ನೆನಪು ಹೋಗುವುದಿಲ್ಲ, ಅದರ ಮುಳ್ಳು ಹೋಗುತ್ತದೆ ಎಂದಿದ್ದರು ಡಾಕ್ಟರ್. ನೋವು ಇರುವುದು ಹುಟ್ಟಿದ ಭಾಷೆಯಲ್ಲಿ, ಅದರಲ್ಲೇ ಓದಿ ಎಂದೂ ಹೇಳಿದ್ದರು. ಅವರಿಗೆ ಕನ್ನಡ ಒಂದಕ್ಷರ ಬಾರದು. ಅವರು ನೋಡುತ್ತಿದ್ದದ್ದು ನಾಡಿ ಮತ್ತು ಮುಖ ಮಾತ್ರ.

ಶಾಮಲಾ ಮುಂದಕ್ಕೆ ಓದಿದಳು.

"ನಾನು ಲೇಡೀಸ್ ಡಬ್ಬಿಯ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದೆ. ಅಚಿಂತ್ಯ ಪ್ಲಾಟ್‌ಫಾರ್ಮಿನ ಮೇಲೆ ಓಡುತ್ತಿದ್ದ. ಅಪ್ಪಾ ಅಂತ ಕೂಗಿದ. ಇವರು ಪಕ್ಕದ ಡಬ್ಬಿಯ ಬಾಗಿಲಲ್ಲಿದ್ದರು. ತಿರುಗಿ ಅವನನ್ನು ನೋಡಿದರು. ನಡುವಿನ ಕಂಬಿಗಳಾಚೆ ಯಾರೋ ಎದ್ದರು, ಕಿಟಕಿ ಪಕ್ಕದ ಸೀಟು ಖಾಲಿಯಾಯಿತು. ಇವರು ಒಳಗೆ ಹೋದರು."

ಡಾಕ್ಟರ್ ಶುಭಾಂಗಿ ಅವಳ ಮಣಿಕಟ್ಟಿನಿಂದ ಬೆರಳು ತೆಗೆದರು. "ಬಹತ್ತರ್!" ಎಂದರು ಹಿಗ್ಗಿ. "ಮಿಸ್ಟರ್ ನಾರಾಯಣ್, ದೇಖಾ ಆಪ್‌ನೇ? ನಾಡಿ ಎಪ್ಪತ್ತೆರಡು ದಾಟಲಿಲ್ಲ!"

ನಾಣಿ ನಕ್ಕ. ನಗದೆ ಇನ್ನೇನು ಮಾಡಿಯಾನು.

ಒಂಬತ್ತು ವರ್ಷದ ಹುಡುಗ ಯಾವಾಗಲೂ ತಾಯಿಯ ಜೊತೆ ಹೆಂಗಸರ ಡಬ್ಬಿಗೇ ಹತ್ತುತ್ತಿದ್ದವನು. ಅವತ್ತು ಮಾಟುಂಗಾದಲ್ಲಿ ನೆಂಟರ ಮನೆಯ ಮುಂಜಿ. "ಗಂಡು ಹುಡುಗ ಇನ್ನೂ ಎಷ್ಟು ದಿನ ಸೀರೆ ಸೆರಗು ಹಿಡ್ಕೊಂಡ್ ಹೋಗ್ತಾನೆ, ನನ್ನ ಜೊತೆ ಬರ್ಲಿ," ಎಂದವನು ನಾಣಿ. ಆಮೇಲೆ ಪೊಲೀಸರಿಗೂ ನೆಂಟರಿಗೂ "ಅಮ್ಮನ ಜೊತೆ ಹತ್ತಿರ್ತಾನೆ ಅಂದ್ಕೊಂಡೆ," ಎಂದವನೂ ನಾಣಿಯೇ. ಆ ಮಾತನ್ನು ಎಲ್ಲರೂ ನಂಬಿದರು. ಆಂಟಾಪ್ ಹಿಲ್‌ನಲ್ಲಿದ್ದ ಅವನ ತಂಗಿ ಸಾಧನಾ, ಹದಿಮೂರನೆಯ ದಿನ ಎಲೆ ಹಾಸುತ್ತಾ, "ಹೆತ್ತವಳಿಗೆ ಒಂದು ಮಗು ಕೈ ಹಿಡಿದು ಹತ್ತಿಸ್ಕೊಳ್ಳೋಕೆ ಆಗ್ಲಿಲ್ವಲ್ಲ," ಎಂದಾಗ ಶಾಮಲಾ ಗೋಡೆಗೆ ತಲೆ ಚಚ್ಚಿಕೊಂಡಿದ್ದಳು. ನಾಣಿ ಅಲ್ಲೇ ನಿಂತಿದ್ದ. ಬಾಯಿ ಬಿಟ್ಟಿರಲಿಲ್ಲ. ಅವಳು ಅತ್ತಷ್ಟೂ ಅವನಿಗೆ ಭದ್ರವೆನಿಸುತ್ತಿತ್ತು. ಓಡಿಬರುತ್ತಿದ್ದ ಹುಡುಗನನ್ನು ತಾನು ನೋಡಿದ್ದು ಯಾರಿಗೂ ಗೊತ್ತಿಲ್ಲ ಅಂತಲೇ ಅವನು ಅಂದುಕೊಂಡಿದ್ದು.

ನೋಡಿದ್ದ. ಅಷ್ಟು ದೂರವಿಲ್ಲ, ಹಿಂದೆಯೇ ಅವಳ ಬಾಗಿಲಿದೆ, ಎಳೆದುಕೊಳ್ಳುತ್ತಾಳೆ ಅಂದುಕೊಂಡಿದ್ದ. ಸೀಟಿನ ಮೇಲೆ ಕರ್ಚೀಫು ಹಾಕಿ ಕೂತಿದ್ದ.

ಮನೆಗೆ ಬಂದವಳೇ ಶಾಮಲಾ ಮಿಕ್ಸಿಗೆ ತೆಂಗಿನಕಾಯಿ ಹಾಕಿ ತಿರುಗಿಸಿದಳು. ಅದು ನಿಲ್ಲುವವರೆಗೂ ನಾಣಿ ಅಡುಗೆಮನೆಯ ಬಾಗಿಲಲ್ಲಿ ಕಾದ.

"ನಿಂಗೆ ಯಾವಾಗಿಂದ ಗೊತ್ತು?"

"ಅವತ್ತಿಂದ್ಲೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋಕ್ ಹೋದ್ರೆ ಉಸಿರೇ ಬರ್ತಿರ್ಲಿಲ್ವಲ್ಲ ರೀ." ಅವಳು ಮುಚ್ಚಳಕ್ಕೆ ಅಂಟಿದ್ದ ಚಟ್ನಿಯನ್ನು ಬೆರಳಿನಿಂದ ಬಳಿದಳು. "ಈಗ ಬರತ್ತೆ."

"ಬೈಯಿ ಶಾಮೂ. ಎರಡೇಟು ಹಾಕು ಬೇಕಾದ್ರೆ."

ಅವಳು ನಿಜವಾಗಿಯೂ ಯೋಚಿಸಿದಳು. ಡಬ್ಬದಲ್ಲಿ ಸಾಸಿವೆ ಇದೆಯೋ ಇಲ್ಲವೋ ಎಂದು ನೆನಪಿಸಿಕೊಳ್ಳುವವಳ ಹಾಗೆ.

"ಕೋಪ ಬರ್ತಿಲ್ಲ ರೀ. ಆಟೋದಲ್ಲೂ ನೋಡ್ಕೊಂಡೆ, ಬರ್ಲಿಲ್ಲ. ಚಟ್ನಿಗೆ ಒಗ್ಗರಣೆ ಹಾಕ್ಲಾ, ಹಾಗೇ ತಿಂತೀರಾ?"

ಆ ವಾರವೆಲ್ಲ ಅವಳು ಎರಡು ಹೊತ್ತೂ ಉಂಡಳು, ನಿದ್ದೆ ಮಾಡಿದಳು. ಬುಧವಾರ ಸಾಧನಾ ಬಂದಾಗ ಉಪ್ಪಿಟ್ಟು ಬಡಿಸುತ್ತಾ ಎಲ್ಲವನ್ನೂ ಹೇಳಿದಳು, ಕಿಟಕಿ ಪಕ್ಕದ ಸೀಟಿನವರೆಗೆ. ಸಾಧನಾ ತುತ್ತು ಹಿಡಿದ ಕೈಯಲ್ಲೇ ಅಣ್ಣನ ಮುಖ ನೋಡಿದಳು. "ಇವಳಿಗೆ ಭ್ರಮೆ," ಎಂದ ನಾಣಿ. "ಮಾತ್ರೆ ಜಾಸ್ತಿಯಾಗಿದೆ." ಶಾಮಲಾ ಅದಕ್ಕೂ ಕೋಪಿಸಿಕೊಳ್ಳಲಿಲ್ಲ, ಇನ್ನೊಂದು ಸೌಟು ಬಡಿಸಿದಳು. ಸಾಧನಾ ತಟ್ಟೆ ಸರಿಸಿ ಎದ್ದು ಹೋದಳು. ಫ್ಯಾಕ್ಟರಿಯಲ್ಲಿ ನಾಣಿ ಎರಡು ಸಲ ಅಳತೆ ತಪ್ಪಿಸಿದ. ಕಣ್ಣು ಮುಚ್ಚಿದರೆ ಸಾಕು, ಹುಡುಗ ಓಡುತ್ತಿದ್ದ.

ಆರನೆಯ ಶನಿವಾರ ಶಾಮಲಾ ಪೂರ್ತಿ ಓದಿ ಮುಗಿಸಿದಳು. ಡಾಕ್ಟರ್ ಫೈಲು ಮುಚ್ಚುವಾಗ ನಾಣಿ ಕೇಳಿಯೇಬಿಟ್ಟ, ನನಗೂ ಆ ಮಾತ್ರೆ ಕೊಡಿ ಅಂತ.

ಡಾಕ್ಟರಿಗೆ ಮರುಕವೇ ಆಯಿತು. ಬಿಪಿ ನೋಡಿದರು. ಡ್ರಾಯರಿನಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಖಾಲಿ ಹಾಳೆ, ಪೆನ್ನು ಇಟ್ಟರು. ಮೊದಲು ನಾಲ್ಕು ಸಾಲು ಬರೆಯಿರಿ, ಬರೆಯಬಲ್ಲಿರೋ ನೋಡೋಣ. ಕಂಡದ್ದನ್ನು ಕಂಡ ಹಾಗೆ. ಬರೆಯದಿದ್ದರೆ ಮಾತ್ರೆ ಬರೀ ಸುಣ್ಣದ ಉಂಡೆ, ಎಂದರು ಹಿಂದಿಯಲ್ಲಿ.

'ಬೆಳಿಗ್ಗೆ ಆರೂಕಾಲು, ವಿಕ್ರೋಳಿ ಸ್ಟೇಷನ್' ಎಂದು ನಾಣಿ ಬರೆದ. ಪೆನ್ನು ಅಲ್ಲೇ ನಿಂತಿತು.

"ಬರೀರಿ, ಪರ್ವಾಗಿಲ್ಲ," ಎಂದಳು ಶಾಮಲಾ, ಅವನ ತೋಳು ಮುಟ್ಟಿ. "ಬರೆದ್ರೆ ಹಗುರಾಗತ್ತೆ. ನಂಗಾಗ್ಲಿಲ್ವಾ?"

ಡಾಕ್ಟರ್ ಗಡಿಯಾರ ನೋಡಿದರು. "ಕ್ಯಾ ದೇಖಾ ಆಪ್‌ನೇ?"

ನಾಣಿ ಹೆಂಡತಿಯ ಕಡೆ ನೋಡಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದ.

"ಕುಛ್ ನಹೀಂ. ನಾನು ಒಳಗಿದ್ದೆ. ಏನೂ ನೋಡಲಿಲ್ಲ."

"ಹಾಗಿದ್ದರೆ ಇದು ನಿಮಗಲ್ಲ," ಎಂದರು ಡಾಕ್ಟರ್. ಮಾತ್ರೆಯ ಪಟ್ಟಿ ಡ್ರಾಯರಿಗೆ ವಾಪಸು ಹೋಯಿತು. ಬೆಲ್ಲು ಒತ್ತಿ ಮುಂದಿನ ಪೇಷಂಟನ್ನು ಕರೆದರು.

ಹೊರಗಿನ ಬೆಂಚಿನಲ್ಲಿ ನಾಣಿ ಷೂಸಿಗೆ ಲೇಸು ಕಟ್ಟುತ್ತಾ ಬಹಳ ಹೊತ್ತು ಬಗ್ಗಿಯೇ ಇದ್ದ. ಶಾಮಲಾ ಆ ಹಾಳೆಯನ್ನು ತಂದಿದ್ದಳು. ತೊಡೆಯ ಮೇಲೆ ಚೀಲವಿಟ್ಟು, ಅದರ ಮೇಲೆ ಹಾಳೆ ಹಾಸಿ, ಅವನು ಬರೆದ ಒಂದೇ ಸಾಲಿನ ಕೆಳಗೆ ಹುರುಳಿಕಾಯಿ, ಕೊತ್ತಂಬರಿ, ಆರು ನಿಂಬೆಹಣ್ಣು ಅಂತ ಬರೆಯತೊಡಗಿದಳು.