ಕೆಂಪು ಗಾಜಿನ ಗುಂಡುಗಳು

ನಮ್ಮೂರ ಟಾಕೀಸಿನ ಪ್ರೊಜೆಕ್ಟರ್ ಕೋಣೆಯ ಗೋಡೆಗೆ ಸಾಲಾಗಿ ಕೆಂಪು ಗಾಜಿನ ಗುಂಡುಗಳು ತೂಗುತ್ತಿದ್ದವು. ಒಳಗೆ ನೀರಿನಂಥ ಔಷಧಿ. ಬೆಂಕಿ ಬಿದ್ದರೆ ಎಸೆದು ಒಡೆಯಬೇಕು. ಅಣ್ಣ ಚೆನ್ನಿಗಪ್ಪ ಅಲ್ಲಿ ಆಪರೇಟರ್. ಆಯುಧಪೂಜೆಯ ದಿನ ಪ್ರೊಜೆಕ್ಟರಿಗೆ ಹಾರ ಹಾಕಿ, ಆ ಗುಂಡುಗಳಿಗೂ ಒಂದೊಂದು ಕುಂಕುಮದ ಬೊಟ್ಟಿಡುತ್ತಿದ್ದ. ಇವಕ್ಕೆ ಮದುವೆಯನ್ನೂ ಮಾಡಿಸಿಬಿಡು ಎಂದು ನಾನು ರೇಗಿಸುತ್ತಿದ್ದೆ.

ಬೆಂಕಿಯ ಸುದ್ದಿ ಪ್ರೇಕ್ಷಕರಿಗೆ ತಿಳಿಯಬಾರದು ಎಂಬುದು ಅಲ್ಲಿನ ಆಪರೇಟರುಗಳ ಕಟ್ಟಳೆ. ತಿಳಿದರೆ ಜನ ಬಾಗಿಲಿಗೆ ನುಗ್ಗುತ್ತಾರೆ, ಕಾಲ್ತುಳಿತಕ್ಕೆ ಮಕ್ಕಳು ಸಿಗುತ್ತಾರೆ. ಒಂದು ದಿನ ಮಧ್ಯಾಹ್ನದ ಆಟದಲ್ಲಿ ರೀಲು ತುಂಡಾಗಿ ದೀಪದೆದುರು ಸಿಕ್ಕಿಕೊಂಡು ಹೊತ್ತಿತು, ಕೋಣೆಯ ಬಟ್ಟೆ ಪರದೆಗೂ ಹಬ್ಬಿತು. ಅಣ್ಣ ಚಿತ್ರ ಬಿಡುವ ಗಾಜಿನ ಕಿಂಡಿಗಳ ತಗಡು ಇಳಿಸಿ, ಬಾಗಿಲು ಭದ್ರಪಡಿಸಿ, ಗುಂಡುಗಳನ್ನೆಲ್ಲ ಉರಿಗೆ ಎಸೆದ. ಬೆಂಕಿ ಆರಿತು. ಬಾಗಿಲು ತೆರೆದರೆ ವಾಸನೆ ಬಾಲ್ಕನಿಯ ಹೆಂಗಸರಿಗೆ ತಲುಪೀತೆಂದು, ಕಣ್ಣುರಿಯಲ್ಲೇ ರೀಲು ಅಂಟಿಸಿ, ಕಿಂಡಿಯ ತಗಡನ್ನಷ್ಟೇ ಎತ್ತಿ, ಮುಚ್ಚಿದ ಕೋಣೆಯಲ್ಲೇ ನಿಂತು ಆಟ ಮುಗಿಸಿದ. ಕೆಳಗೆ ಕೂತಿದ್ದ ನಮಗೆ ರೀಲು ತುಂಡಾಯಿತೆಂಬುದು ಬಿಟ್ಟು ಏನೂ ತಿಳಿಯಲಿಲ್ಲ.

ಸಂಜೆ ಮನೆಗೆ ಬಂದಾಗ ಮಾಲೀಕರು ಹಾಕಿದ ಹಾರ ಕೊರಳಲ್ಲೇ ಇತ್ತು. ನಡೆದದ್ದನ್ನೆಲ್ಲ ಹೇಳಿದ. ಸ್ವಲ್ಪ ಕೆಮ್ಮಿದ, ಅಷ್ಟೆ. ಕೋಣೆಯೊಳಗೆ ಕೊಳೆತ ಹುಲ್ಲಿನ ವಾಸನೆ ಬರುತ್ತಿತ್ತೆಂದ. ಬೀಡಿ ಹಚ್ಚಿ, ರುಚಿಯೇ ಕೆಟ್ಟಿದೆಯೆಂದು ಬಿಸಾಡಿದ.

"ಬೊಟ್ಟಿಟ್ಟಿದ್ದು ಸುಳ್ಳಾಗ್ಲಿಲ್ಲ ಕಣೇ, ಕಾಪಾಡಿದ್ವು" ಎಂದ ನನಗೆ.

ಅತ್ತಿಗೆ ದೃಷ್ಟಿ ತೆಗೆದಳು. ಅಣ್ಣ ಉಂಡು ಮಲಗಿದ. ಆ ಸಂಜೆ ನಮಗೆಲ್ಲ ಹೆಮ್ಮೆಯೋ ಹೆಮ್ಮೆ.

ಬೆಳಗ್ಗೆ ನೋಡಿದರೆ ಅವನು ಎದ್ದು ಕೂತು ಉಸಿರಿಗಾಗಿ ಹೆಣಗುತ್ತಿದ್ದ. ತುಟಿ ನೀಲಿಗಟ್ಟಿತ್ತು, ಬಾಯಲ್ಲಿ ನೊರೆ. ಡಾಕ್ಟರು ಬಂದು ಪರೀಕ್ಷಿಸಿದರು. ಬೆಂಕಿಯನ್ನು ಯಾವುದರಿಂದ ಆರಿಸಿದ್ದೆಂದು ಕೇಳಿದರು. ಹೇಳಿದೆ. ಅವರು ನನ್ನನ್ನು ಅಂಗಳಕ್ಕೆ ಕರೆದರು.

"ಆ ಔಷಧಿ ಉರಿಗೆ ಬಿದ್ರೆ ವಿಷದ ಗಾಳಿ ಆಗತ್ತಮ್ಮ. ಎಳ್ಕೊಂಡವ್ರು ಅರ್ಧ ದಿನ ಚೆನ್ನಾಗೇ ಓಡಾಡ್ತಾರೆ. ಆಮೇಲೆ ಎದೆ ಒಳಗೆ ನೀರು ತುಂಬ್ಕೊಳ್ಳತ್ತೆ."

"ನಿನ್ನೆ ಸಂಜೆನೇ ನಿಮ್ಮನ್ನ ಕರೆದಿದ್ರೆ?"

"ಇದಕ್ಕೆ ಮದ್ದಿಲ್ಲಮ್ಮ. ಬೆಂಕಿ ಆರಿದ ತಕ್ಷಣ ಬಾಗಿಲು ತೆಗೆದು ಹೊರಗೆ ಬಂದಿದ್ರೆ ಉಳೀತಿದ್ರು."

ಬೆಂಕಿಯ ಮೇಲೆ ನನಗೆ ಸಿಟ್ಟಿಲ್ಲ. ಬೆಂಕಿ ಸುಡುತ್ತದೆಂದು ಎಲ್ಲರಿಗೂ ಗೊತ್ತು. ಆ ಗುಂಡುಗಳನ್ನು ಕಾಪಾಡುತ್ತವೆಂದು ಕೊಟ್ಟವರು ಒಂದು ಮಾತು ಹೇಳಬಹುದಿತ್ತು.

ಒಳಗೆ ಅಣ್ಣ "ಕಿಟಕಿ ತೆಗೀರಿ, ಕಿಟಕಿ ತೆಗೀರಿ" ಎನ್ನುತ್ತಿದ್ದ. ಮನೆಯ ಕಿಟಕಿ ಬಾಗಿಲುಗಳೆಲ್ಲ ಆಗಲೇ ತೆರೆದಿದ್ದವು. ಅತ್ತಿಗೆ ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಅವನ ಉಸಿರು ನಿಂತ ಮೇಲೂ ಅವಳ ಕೈ ನಿಲ್ಲಲಿಲ್ಲ. ಅಣ್ಣನ ಹಣೆಯ ಮೇಲಿನ ಕೂದಲು ಬಹಳ ಹೊತ್ತು ಅಲುಗುತ್ತಲೇ ಇತ್ತು.