ಹೊಸದೇನೂ ಇಲ್ಲದ ಪತ್ರ

ಜನರ ಪತ್ರಗಳಿಂದ ‘ನಮಸ್ಕಾರ’ವನ್ನು ಕಿತ್ತುಹಾಕಿದ್ದು ಅವನೇ. ‘ಇಂತಿ ನಿಮ್ಮ’ವನ್ನೂ, ಪ್ರತಿ ಉತ್ತರದ ಬಾಲಕ್ಕೆ ನೇತುಬೀಳುವ ಹಳೆಯ ಪತ್ರವನ್ನೂ. ಆದ್ದರಿಂದ ಕಚೇರಿಯಲ್ಲಿ ಎಲ್ಲರೂ “ಬಂದ್ರು ನೋಡ್ರಪ್ಪ, ಕತ್ತರಿ” ಎಂದಾಗ ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಹಲ್ಲು ಕಿರಿದ. ಕಿರಿದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ದೂರದ ಹಡಗುಗಳಲ್ಲಿ ದುಡಿಯುವವರ ಮೊಬೈಲಿಗೆ ಇ-ಮೇಲ್ ಮುಟ್ಟಿಸುವುದು ಅವನ ಕಂಪನಿಯ ಕಸುಬು. ಹಡಗು ಸಿಗುವುದು ವಾರಕ್ಕೊಮ್ಮೆ, ಶನಿವಾರ ನಾಲ್ಕು ಗಂಟೆಗೆ, ಉಪಗ್ರಹದ ಮೂಲಕ, ಆರೇ ನಿಮಿಷ. ಒಂದೊಂದು ಅಕ್ಷರಕ್ಕೂ ದುಡ್ಡು, ಒಂದೊಂದು ಅಕ್ಷರಕ್ಕೂ ಹೊತ್ತು. ಅವನು ಎರಡು ವರ್ಷ ಕೂತು ಬರೆದು, ಕೆಲವು ತಿಂಗಳಿಂದ ಪ್ರಯೋಗಕ್ಕೆ ಬಿಟ್ಟಿದ್ದ ಪ್ರೋಗ್ರಾಂ, ಹೇಳಿದ್ದನ್ನೇ ಹೇಳುವ ಕಡೆಯೆಲ್ಲ ಹುಡುಕಿ ಅಳಿಸುತ್ತಿತ್ತು. ಖರ್ಚಿನಲ್ಲಿ ನೂರಕ್ಕೆ ಎಪ್ಪತ್ತು ಭಾಗ ಉಳಿಸಿ ತೋರಿಸಿದರೆ ಹಡಗಿನ ಮಾಲೀಕರು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ತೋರಿಸಬೇಕಾದ ಶನಿವಾರ ಇವತ್ತೇ.

ಜನ ಎಷ್ಟು ಬಡಬಡಿಸುತ್ತಾರೆಂದು ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಊಟ ಆಯಿತೇ, ನಿದ್ದೆ ಬಂತೇ, ಹುಷಾರು, ಹುಷಾರು. ಮನೆಯಲ್ಲೂ ಅದೇ ಪಾಡು. ಬೆಳಿಗ್ಗೆ ಹೆಂಡತಿ “ಸಂಜೆ ಬೇಗ ಬರ್ತೀರಾ?” ಎಂದಳು.

“ನಿನ್ನೇನೇ ಹೇಳಿದ್ದೀನಲ್ಲ.”

“ನಿನ್ನೇದು ನಿನ್ನೆಗಾಯ್ತು” ಎಂದು ಬಾಗಿಲು ಹಾಕಿಕೊಂಡಳು. ಬಸ್ಸಿನಲ್ಲಿ ಕೂತು ಅವನು ಆ ಮಾತಿನಲ್ಲಿ ಏನನ್ನು ಅಳಿಸಬಹುದೆಂದು ಲೆಕ್ಕ ಹಾಕಿದ.

ಹನ್ನೊಂದು ಗಂಟೆಗೆ ಒಬ್ಬ ಹೆಂಗಸು ಬಂದು ಮೇಜಿನ ಮುಂದೆ ನಿಂತಳು. ಹಡಗೊಂದರ ಅಡುಗೆಯವನ ಹೆಂಡತಿ.

“ಪತ್ರ ಕತ್ತರಿಸೋರು ನೀವೇ ಅಂತೆ.”

“ಕತ್ತರಿಸೋದಲ್ಲ. ಚಿಕ್ಕದು ಮಾಡೋದು.”

“ನಂದು ಚಿಕ್ಕದಾಗಿ ಚಿಕ್ಕದಾಗಿ ಏನೂ ಉಳಿದಿಲ್ಲ.”

ನಾಲ್ಕು ತಿಂಗಳಿಂದ ಮನೆಯಿಂದ ಒಂದು ಸಾಲೂ ಬಂದಿಲ್ಲವೆಂದು ಅವಳ ಗಂಡ ಮುನಿಸಿಕೊಂಡು ತಾನೂ ಬರೆಯುವುದನ್ನು ಬಿಟ್ಟಿದ್ದ. ಪಕ್ಕದ ಮನೆಯವಳ ಗಂಡನೂ ಅದೇ ಹಡಗಿನಲ್ಲಿದ್ದ. ಸುದ್ದಿ ಬಂದದ್ದು ಅವನಿಂದ. ನಾಳೆ ಬಂದರು ಸಿಕ್ಕಾಗ ಅಡುಗೆಯವನು ಇಳಿದು ಎತ್ತಲಾದರೂ ಹೋಗಿಬಿಡುತ್ತಾನಂತೆ. ಆ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದಿದ್ದಾನಂತೆ.

ಅವನು ತನ್ನ ಕಂಪ್ಯೂಟರಿನಲ್ಲಿ ಅವಳ ದಾಖಲೆ ತೆಗೆದು ನೋಡಿದ. ವಾರಕ್ಕೊಂದರಂತೆ ಹದಿನಾರು ಪತ್ರ. ಹದಿನಾರೂ ಒಂದೇ. ‘ನಾನು ಚೆನ್ನಾಗಿದ್ದೀನಿ. ಮಗಳು ಚೆನ್ನಾಗಿದ್ದಾಳೆ. ನಿಮ್ಮ ದಾರಿ ನೋಡ್ತಾ ಇದ್ದೀವಿ.’ ಹಳೆಯದೊಂದರ ನಕಲು ಮತ್ತೆ ಮತ್ತೆ ಬರುತ್ತಿದೆಯೆಂದು ಪ್ರೋಗ್ರಾಂ ಎಲ್ಲವನ್ನೂ ಎಸೆದಿತ್ತು.

“ಪ್ರತಿ ಸಲ ಇದನ್ನೇ ಯಾಕೆ ಬರೀತೀರಿ? ಹೊಸದೇನಾದ್ರೂ ಬರೆದಿದ್ರೆ ಹೋಗ್ತಿತ್ತು.”

“ಹೊಸದು ಬರೆದ್ರೆ ಅವ್ರು ಹೆದರ್ತಾರೆ.”

ಹಿಂದೆ ಅವರ ಮಗ ತೀರಿಕೊಂಡಾಗ ಅವಳ ಗಂಡ ನಡುಗಡಲಿನಲ್ಲಿದ್ದ. ನೆಂಟರು ಒಂದು ತಿಂಗಳು ಸುತ್ತಿ ಬಳಸಿ ಸವಿಮಾತು ಬರೆದರು. ದಡಕ್ಕೆ ಬಂದ ಮೇಲೆ ಅವನಿಗೆ ನಿಜ ತಿಳಿಯಿತು. ಆಮೇಲೆ ಗಂಡಹೆಂಡಿರು ಕೂತು ಈ ಮೂರು ಮಾತನ್ನು ಗೊತ್ತು ಮಾಡಿಕೊಂಡರು. ಎಲ್ಲ ಸರಿಯಿದ್ದರೆ ಇದೇ ಪತ್ರ. ಒಂದು ಪದ ಬೇರೆಯಾದರೂ ಏನೋ ಆಗಿದೆ ಎಂದರ್ಥ. ಬೇರೆಯವರ ಕೈಲಿ ಹೇಳಿಸಿದರೆ ಅವನು ನಂಬುವುದಿಲ್ಲ.

ಕೇಳುತ್ತ ಕೂತವನಿಗೆ ಸಿಟ್ಟು ಬಂತು. ಇಷ್ಟು ಸಣ್ಣ ಸಂಗತಿ ತನಗೆ ಎರಡು ವರ್ಷದಲ್ಲಿ ಹೊಳೆಯಲಿಲ್ಲವೆಂದು ಬಂದ ಸಿಟ್ಟು ಅವಳ ಮೇಲೆ ತಿರುಗಿತು.

“ಇವತ್ತು ಹೋಗುತ್ತಾ?”

“ನೋಡ್ತೀನಿ.”

“ನೋಡೋದು ಬೇಡ ಸ್ವಾಮಿ, ಕಳಿಸಿ.”

“ಕಳಿಸ್ತೀನಿ ಅಂದ್ನಲ್ಲ.”

ಅಂದಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು. ಹೋಗಿ ಹೊರಗಿನ ಬೆಂಚಿನ ಮೇಲೆ ಕೂತಳು.

ನಕಲು ಪತ್ರ ಎಸೆಯುವ ನಿಯಮವೊಂದನ್ನು ತೆಗೆದು ಪರೀಕ್ಷೆ ಮಾಡಿದ. ಉಳಿತಾಯ ಅರವತ್ತಾರಕ್ಕೆ ಇಳಿಯಿತು. ಅವಳೊಬ್ಬಳಿಗೆ ವಿನಾಯಿತಿ ಕೊಡೋಣವೆಂದರೆ ಪ್ರೋಗ್ರಾಮಿನಲ್ಲಿ ಎಲ್ಲೂ ಸಂದಿಯಿರಲಿಲ್ಲ. ಸಂದಿಯಿಲ್ಲದಂತೆ ಬರೆದದ್ದೇ ಅವನ ಹೆಮ್ಮೆ. ಎದ್ದು ಸಾಹೇಬರ ಕೋಣೆಗೆ ಹೋದ.

“ಸರ್, ಒಂದು ನಿಯಮ ತೆಗೀಬೇಕು.”

“ತೆಗೆದ್ರೆ ಎಷ್ಟಾಗುತ್ತೆ?”

“ಅರವತ್ತಾರು.”

ಸಾಹೇಬರು ಗಡಿಯಾರ ನೋಡಿದರು. “ಹಾಗಾದ್ರೆ ನೀವು ನನ್ನ ಹತ್ರ ಬಂದೇ ಇಲ್ಲ.”

“ಒಂದು ಹೆಂಗಸು...”

“ತೆಗೀಬೇಡಿ ಅಂತ ನಾನು ಹೇಳಿದ್ನಾ? ನಿಮ್ಮ ಕೆಲಸ, ನಿಮ್ಮಿಷ್ಟ.”

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಅವನು ಪ್ರೋಗ್ರಾಮಿನ ಆ ನಿಯಮದ ಸಾಲಿನ ಮುಂದೆ ಕೂತಿದ್ದ. ಒಂದು ಗುಂಡಿ ಒತ್ತಿದರೆ ಸಾಲು ಅಳಿಯುತ್ತದೆ. ಅಳಿಸುವುದರಲ್ಲಿ ಅವನಷ್ಟು ಪಳಗಿದವರು ಆ ಕಚೇರಿಯಲ್ಲೇ ಇರಲಿಲ್ಲ. ಎರಡು ವರ್ಷ ನೆನಪಾಯಿತು. ತಾನು ಮುಗ್ಗರಿಸುವುದನ್ನೇ ಕಾಯುತ್ತಿರುವ ಪಕ್ಕದ ಮೇಜಿನವನ ನಗು ಕಣ್ಣಿಗೆ ಕಟ್ಟಿತು. ಇಳಿದು ಹೋಗುತ್ತೇನೆ ಎನ್ನುವವರೆಲ್ಲ ಇಳಿದು ಹೋಗುತ್ತಾರೆಯೇ? ಬೊಗಳುವ ನಾಯಿ ಕಚ್ಚುವುದಿಲ್ಲ. ಹಾಗೆಂದುಕೊಂಡಾಗ ಮನಸ್ಸಿಗೆ ಎಷ್ಟು ಹಗುರವಾಯಿತೆಂದರೆ ಅವನಿಗೇ ನಾಚಿಕೆಯಾಯಿತು. ಕೈ ತೊಡೆಯ ಮೇಲೇ ಉಳಿಯಿತು. ಸಾಲೂ ಇದ್ದಲ್ಲೇ ಉಳಿಯಿತು.

ಸಭಾಂಗಣದಲ್ಲಿ ಹಡಗಿನ ಮಾಲೀಕರು ಬಂದು ಕೂತಿದ್ದರು. ಮೊದಲ ಸಾಲಿನಲ್ಲಿ ಅವಳೂ ಇದ್ದಳು. ಬೆಂಚಿನ ಮೇಲಿದ್ದವಳನ್ನು ಸಾಹೇಬರೇ ಕರೆತಂದು ಕೂರಿಸಿದ್ದರು. “ನಮ್ಮ ಗ್ರಾಹಕರು. ಮನೇಲಿ ಕಾಯೋರ ಕಷ್ಟ ಏನು ಅಂತ ಇವರನ್ನ ಕೇಳಬೇಕು” ಎಂದು ಮಾಲೀಕರಿಗೆ ಪರಿಚಯಿಸಿದರು. ಅವಳು ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತಳು.

ನಾಲ್ಕು ಹೊಡೆಯಿತು. ಹಡಗು ಸಿಕ್ಕಿತು. ಗೋಡೆಯ ಪರದೆಯ ಮೇಲೆ ಒಂದೊಂದೇ ಪತ್ರದ ಲೆಕ್ಕ ಮೂಡಿ ಸರಿಯತೊಡಗಿತು. ಎಂಜಿನ್ ಕೋಣೆಯವನಿಗೆ ಮೂರು ಸೆಕೆಂಡು. ಬಣ್ಣ ಬಳಿಯುವವನಿಗೆ ಎರಡು. ಆಮೇಲೆ ಅಡುಗೆಯವನ ಸರದಿ ಬಂತು.

ಹೊತ್ತು: ಸೊನ್ನೆ. ಖರ್ಚು: ಸೊನ್ನೆ. ಪಕ್ಕದಲ್ಲಿ ಹಸಿರು ಅಕ್ಷರದಲ್ಲಿ, ಯಶಸ್ವಿ.

ಮಾಲೀಕರಲ್ಲಿ ಒಬ್ಬ “ಭೇಷ್” ಎಂದ. ಸಾಹೇಬರು ಚಪ್ಪಾಳೆ ತಟ್ಟಿದರು, ಸಭಾಂಗಣವೆಲ್ಲ ತಟ್ಟಿತು, ಪಕ್ಕದ ಮೇಜಿನವನೂ ತಟ್ಟಿದ. ಅವಳು ಎದ್ದು ನಿಂತು, ಮುಖವೆಲ್ಲ ಅರಳಿಸಿಕೊಂಡು, ಎಲ್ಲರಿಗಿಂತ ಜೋರಾಗಿ ತಟ್ಟಿದಳು. ತಿರುಗಿ ಅವನನ್ನು ಹುಡುಕಿದಳು.

“ಎಷ್ಟು ಬೇಗ ಹೋಯ್ತಲ್ಲ ಸ್ವಾಮಿ! ಮುಟ್ಟಿರುತ್ತೆ ಅಲ್ವಾ?”

ಚಪ್ಪಾಳೆ ನಿಂತಿತು. ಅವನ ಉತ್ತರಕ್ಕಾಗಿ ಅವಳು ಕೈ ಇಳಿಸಿದಳು. ಆದರೂ ಸಭಾಂಗಣದಲ್ಲಿ ಒಬ್ಬರ ಚಪ್ಪಾಳೆ ಮಾತ್ರ ಇನ್ನೂ ಕೇಳುತ್ತಿತ್ತು. ಯಾರೆಂದು ಎಲ್ಲರೂ ತಿರುಗಿದರು. ಅವನೂ ತಿರುಗಿದ, ಆಮೇಲೆ ತಲೆ ಬಗ್ಗಿಸಿ ನೋಡಿದ. ಅವನ ಎರಡು ಕೈಗಳು ಅದೇ ಸದ್ದನ್ನು ಮತ್ತೆ, ಮತ್ತೆ, ಮತ್ತೆ ಬಡಿಯುತ್ತಿದ್ದವು.