ಬಾಯಿಗೂಡದ ಡಾಕ್ಟರು

ನನ್ನ ಸೋದರತ್ತೆ ಹೊಳೆಮ್ಮನ ಸೆರಗಿಗೆ ತಂಬಾಕಿನ, ಸುಣ್ಣದ ವಾಸನೆ ಇರುತ್ತಿತ್ತು. ಅದರಲ್ಲಿ ಮುಖ ಹುದುಗಿಸಿಯೇ ನಾನು ನಿದ್ದೆ ಹೋಗುತ್ತಿದ್ದೆ. ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ಅತ್ತೆ ಪಲ್ಯವನ್ನು ನೀರಲ್ಲಿ ತೊಳೆದು ತಿನ್ನತೊಡಗಿದಳು. ಬಾಯೊಳಗೆ ಉರಿ. ಯಾರಿಗೂ ಹೇಳಬೇಡ ಎಂದಿದ್ದಳು. ಹೇಳಿದರೆ ಬೈಯುತ್ತಾರೆ, ತಂಬಾಕು ಬಿಡಿಸುತ್ತಾರೆ ಎಂಬ ಹೆದರಿಕೆ.

ಆಗಲೇ ಹಿರಿಯ ಡಾಕ್ಟರು ಅಂದಾನಪ್ಪನವರು, ಮದ್ರಾಸಿನಲ್ಲಿ ಓದು ಮುಗಿಸಿದ್ದ ಉಜ್ಜಿನಪ್ಪನೆಂಬ ಹೊಸ ಡಾಕ್ಟರನನ್ನು ನಮ್ಮೂರು ಕಂಪ್ಲಿಗೆ ಕರೆತಂದರು. ತಂಬಾಕು ಜಗಿಯುವವರ ಬಾಯಿ ನೋಡಿ, ಕ್ಯಾನ್ಸರ್ ಬೆಳೆಯುವ ಮೊದಲೇ ಗುರುತಿಸುವುದನ್ನು ಅವನಿಗೆ ಕಲಿಸಬೇಕಿತ್ತು. ನಮ್ಮ ಅಂಗಳದಲ್ಲಿ ಬೆಂಚು ಹಾಕಿದರು.

ಮೊದಲು ಬಂದವನು ದನದ ವ್ಯಾಪಾರಿ ಎರ್ರಿಯಪ್ಪ.

"ಬಾಯಿ ನೋಡೋದು ನಮಗೂ ಗೊತ್ತೈತ್ರಿ. ಮೊದ್ಲು ನಿಮ್ದು ತೆಗೀರಿ."

ಉಜ್ಜಿನಪ್ಪ ಸಭ್ಯ ಹುಡುಗ. ಬಾಯಿ ತೆರೆದ. ಎರ್ರಿಯಪ್ಪ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿ, ತುಟಿ ಎತ್ತಿ ನೋಡಿದ.

"ಕಡೆಹಲ್ಲು ಬಂದಿಲ್ಲ. ಇನ್ನೂ ಬಾಯಿಗೂಡಿಲ್ಲ. ಹೋರಿ ಆಗಿದ್ರ ನೊಗಕ್ಕ ಹೂಡ್ತಿರಲಿಲ್ಲ."

ಆಮೇಲೆ ಎಲ್ಲರೂ ಸಾಲುಗಟ್ಟಿ ಅವನ ಬಾಯಿ ತೆರೆಸಿ ನೋಡಿದರು. ಅಕ್ಕಿ ಗಿರಣಿಯವರೂ ಕೆಲಸ ಬಿಟ್ಟು ಬಂದರು. ಒಬ್ಬ ಅವನನ್ನು ಅಂಗಳದಲ್ಲಿ ನಡೆಸಿ, ಕುಂಟುವುದಿಲ್ಲ ಎಂದು ಒಪ್ಪಿದ.

"ಹಂಗಾರ ದೊಡ್ಡ ಡಾಕ್ಟ್ರೂ ಬಾಯಿ ತೋರಿಸ್ಲಿ," ಎಂದರು. ಅಂದಾನಪ್ಪನವರು ಬಾಯಿ ತೆರೆದರು. ಒಂದೂ ಹಲ್ಲಿರಲಿಲ್ಲ.

"ಇದು ಭಾಳ ಮುದಿ ಆತ್ರಿ," ಎಂದ ಎರ್ರಿಯಪ್ಪ, ಮರುಕದಿಂದ.

ಅಂದಾನಪ್ಪನವರು ಶಿಷ್ಯನಿಗೆ ಹೇಳಿದರು, "ನೋಡಪಾ, ರೋಗಿ ನಂಬಿಕಿ ಗಳಿಸೋದಾ ಮೊದಲ್ನೇ ಪಾಠ."

ಉಜ್ಜಿನಪ್ಪ ದವಡೆ ಒತ್ತಿಕೊಳ್ಳುತ್ತ ತಲೆಯಾಡಿಸಿದ.

ಮಧ್ಯಾಹ್ನ ಜನ ಕರಗಿದರು. ಅವನಿಗೆ ಒಂದು ಬಾಯಿಯೂ ಸಿಕ್ಕಿರಲಿಲ್ಲ. ನಾನು ನೀರು ಒಯ್ದಾಗ, ಚೊಂಬು ನನಗೆ ಭಾರವೆಂದು ತಾನೇ ಎದ್ದು ಬಂದು ಇಸಕೊಂಡ. ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನು ನೋಡಿದಳು. ತಂಬಾಕು ಉಗುಳಿ, ಬಾಯಿ ಮುಕ್ಕಳಿಸಿ, ಬೆಂಚಿನ ಮೇಲೆ ಕೂತಳು.

"ಏ ತಮ್ಮಾ, ಎಲ್ರೂ ನಿಂದು ನೋಡ್ಯಾರ. ನೀ ನಂದು ನೋಡು. ಬೈಬ್ಯಾಡ ಮತ್ತ."

ಅವನು ಪುಟ್ಟ ಕನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಕೆನ್ನೆಯ ಒಳಗೆ ಬಿಳಿ ಮಚ್ಚೆ. ಬೈಯಲಿಲ್ಲ.

"ಅವ್ವಾ, ಇನ್ನೂ ಮಚ್ಚೆ ಅಷ್ಟಾ ಐತಿ. ತಂಬಾಕು ಬಿಡ್ರಿ. ನಾಳೆ ಹೊಸಪೇಟಿ ಆಸ್ಪತ್ರಿಗೆ ಬರ್ರಿ, ನಾ ಜೊತಿಗಿರ್ತೀನಿ." ದವಡೆ ನೋವಿಗೆ ಮಾತು ತೊದಲುತ್ತಿತ್ತು.

"ಬಿಟ್ರ ಉಳೀತೀನೇನಪಾ?"

"ಉಳೀಬೌದ್ರಿ. ಅದಕ್ಕಾ ಜಲ್ದಿ ಬರ್ರಿ ಅಂದೆ."

ಅತ್ತೆ ಸೊಂಟದ ತಂಬಾಕಿನ ಸಂಚಿ ಬಿಚ್ಚಿ ಅವನ ಮುಂದಿಟ್ಟು ಒಳಗೆ ಹೋದಳು. ಅನ್ನವನ್ನು ಮಜ್ಜಿಗೆಯಲ್ಲಿ ಅಗಿಯುವ ಕೆಲಸವಿಲ್ಲದಷ್ಟು ನುಣ್ಣಗೆ ಹಿಚುಕಿ ತಂದು, ಬಟ್ಟಲನ್ನು ಅವನ ಕೈಗಿತ್ತಳು.